ಕೂಡುವ ಲೆಕ್ಕದಲ್ಲಿ ಕಳೆದುಹೋದ ಚಂದ್ರ

ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಡ್ರೀಮ್ ಇಲೆವನ್‌ನಂಥ ಆ್ಯಪ್‌ಗಳು ನಗದು ಸ್ಪರ್ಧೆಗಳನ್ನು ನಿಲ್ಲಿಸಿದವು. ಒಳ್ಳೆಯದೇ ಆಯಿತು. ಆದರೆ ಆ ಆ್ಯಪ್‌ಗಳು ವರ್ಷಗಟ್ಟಲೆ ಕಲಿಸಿಹೋದ ಲೆಕ್ಕ ತಲೆಯಿಂದ ಇಳಿದಿಲ್ಲ. ಕಾರವಾರದ ಕಡಲತೀರದಲ್ಲಿ, ಅಂಕೋಲೆಯ ಚಹಾ ಅಂಗಡಿಗಳಲ್ಲಿ ಈಗಲೂ ತಂಡ ಕಟ್ಟುವವರಿದ್ದಾರೆ. ದುಡ್ಡಿಲ್ಲ, ವಾದ ಮಾತ್ರ. ಇಷ್ಟದ ವಿಷಯ ಕರ್ನಾಟಕದ ಸಾರ್ವಕಾಲಿಕ ಹನ್ನೊಂದು. ದ್ರಾವಿಡ್, ವಿಶ್ವನಾಥ್, ಕುಂಬ್ಳೆ, ಶ್ರೀನಾಥ್, ಕಿರ್ಮಾನಿ ಎಂದು ಹೆಸರುಗಳು ಸರಸರ ಬರುತ್ತವೆ. ಕೊನೆಗೆ ಬಿ.ಎಸ್. ಚಂದ್ರಶೇಖರ್ ಹೆಸರಿಗೆ ಬಂದಾಗ ಪೆನ್ನು ನಿಲ್ಲುತ್ತದೆ. ಬ್ಯಾಟಿಂಗ್ ಬರೊಲ್ಲ, ಫೀಲ್ಡಿಂಗ್ ಅಷ್ಟಕ್ಕಷ್ಟೆ, ಲೆಗ್‌ಸ್ಪಿನ್ನಿಗೆ 619 ವಿಕೆಟ್‌ಗಳ ಕುಂಬ್ಳೆ ಇದ್ದೇ ಇದ್ದಾರಲ್ಲ, 242 ವಿಕೆಟ್‌ಗಳವರು ಯಾಕೆ? ಪತ್ರಿಕೆಗಳ ಅಂಕಣಗಳಲ್ಲೂ ಇದೇ ಮಾತು ಓದಿ ಬೇಸತ್ತಿದ್ದೇನೆ.

ನನ್ನ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕರ್ನಾಟಕದ ಸಾರ್ವಕಾಲಿಕ ತಂಡದ ಹಾಳೆಯಲ್ಲಿ ಮೊದಲು ಬರೆಯಬೇಕಾದ ಬೌಲರ್ ಹೆಸರು ಚಂದ್ರಶೇಖರ್. ಕುಂಬ್ಳೆ ಎರಡನೆಯವರು.

619 ಮತ್ತು 242 ಎಲ್ಲರಿಗೂ ಬಾಯಿಪಾಠ. ಆ ವಿಕೆಟ್‌ಗಳಿಗೆ ಎಷ್ಟು ಎಸೆತ ಬೇಕಾದವು ಎಂದು ಕೇಳಿ ನೋಡಿ, ಉತ್ತರ ಸಿಗುವುದಿಲ್ಲ. ಕುಂಬ್ಳೆ ಟೆಸ್ಟ್‌ಗಳಲ್ಲಿ ಎಸೆದದ್ದು 40,850 ಎಸೆತ. ಚಂದ್ರ ಎಸೆದದ್ದು 15,963. ಭಾಗಿಸಿದರೆ ಇಬ್ಬರದೂ ವಿಕೆಟ್‌ಗೆ 66 ಎಸೆತ. ಇನ್ನೂ ಕರಾರುವಾಕ್ಕಾಗಿ ಹೇಳುವುದಾದರೆ ಚಂದ್ರ ಅವರದು 65.96, ಕುಂಬ್ಳೆ ಅವರದು 65.99. ಸರಾಸರಿಯೂ ಹಾಗೆಯೇ: 29.74 ಮತ್ತು 29.65. ಕಾಲು ಶತಮಾನಕ್ಕೂ ಮೀರಿದ ಅಂತರದಲ್ಲಿ ಒಂದೇ ರಾಜ್ಯದ ಇಬ್ಬರು ಲೆಗ್‌ಸ್ಪಿನ್ನರ್‌ಗಳು ಇಷ್ಟು ಸರಿಸಮ ಬಂದು ನಿಂತ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. 619ಕ್ಕೂ 242ಕ್ಕೂ ನಡುವಿನ ವ್ಯತ್ಯಾಸ ಹುಟ್ಟಿದ್ದು ಕೈಚಳಕದಿಂದಲ್ಲ. ಅದು ಕ್ಯಾಲೆಂಡರ್ ಕೊಟ್ಟ ವ್ಯತ್ಯಾಸ. 1964ರಿಂದ 1979ರವರೆಗೆ ಚಂದ್ರ ಅವರಿಗೆ ಸಿಕ್ಕಿದ್ದು 58 ಟೆಸ್ಟ್. 1990ರಿಂದ 2008ರವರೆಗೆ ಕುಂಬ್ಳೆ ಅವರಿಗೆ ಸಿಕ್ಕಿದ್ದು 132.

ಇಷ್ಟಕ್ಕೇ ನಿಲ್ಲಿಸಿದರೆ ಇಬ್ಬರೂ ಸಮ ಎಂದಾಗುತ್ತದೆ. ನಾನು ನಿಲ್ಲಿಸುವುದಿಲ್ಲ, ಏಕೆಂದರೆ ಆಟಗಾರ ತನ್ನ ಕಾಲದವರ ನಡುವೆ ಎಲ್ಲಿ ನಿಂತಿದ್ದ ಎಂದು ನೋಡದೆ ಎರಡು ಕಾಲಗಳನ್ನು ಹೋಲಿಸಲು ಬೇರೆ ದಾರಿಯೇ ಇಲ್ಲ. ಚಂದ್ರ ಅವರ ಕಾಲದ ದೊಡ್ಡ ಸ್ಪಿನ್ನರ್‌ಗಳನ್ನು ತೆಗೆದುಕೊಳ್ಳಿ. ಇಂಗ್ಲೆಂಡಿನ ಡೆರೆಕ್ ಅಂಡರ್‌ವುಡ್ ಅವರಿಗೆ ಒಂದು ವಿಕೆಟ್‌ಗೆ 73 ಎಸೆತ ಮೀರಿ ಬೇಕಾಗುತ್ತಿತ್ತು. ನಮ್ಮವರೇ ಆದ ಪ್ರಸನ್ನ ಅವರಿಗೆ 76, ಬೇಡಿಯವರಿಗೆ 80, ಲ್ಯಾನ್ಸ್ ಗಿಬ್ಸ್ ಅವರಿಗೆ 87ಕ್ಕೂ ಹೆಚ್ಚು. ಬ್ಯಾಟ್ಸ್‌ಮನ್‌ಗಳು ಪ್ಯಾಡ್ ಮುಂದಿಟ್ಟು ದಿನಗಟ್ಟಲೆ ತಡೆಯುತ್ತಿದ್ದ ಕಾಲ ಅದು. ಅಲ್ಲಿ 66 ಎಂದರೆ ಓರಗೆಯವರಿಗಿಂತ ಒಂದು ಓವರ್, ಎರಡು ಓವರ್, ಕೆಲವೊಮ್ಮೆ ಮೂರು ಓವರ್ ಮುಂಚೆ ವಿಕೆಟ್. ಕುಂಬ್ಳೆ ಅವರ ಕಾಲಕ್ಕೆ ಬನ್ನಿ: ಮುರಳೀಧರನ್ 55, ವಾರ್ನ್ 57. ಹರಭಜನ್ 68.5. ಅದೇ 66 ಇಲ್ಲಿ ಮೂರನೆಯ ಸಾಲಿನಲ್ಲಿ ಕೂರುತ್ತದೆ. ಜಿಂಬಾಬ್ವೆ ಮತ್ತು ಬಾಂಗ್ಲಾದೇಶ ಟೆಸ್ಟ್ ಆಡಲು ಶುರುಮಾಡಿದ್ದೂ ಕುಂಬ್ಳೆ ಕಾಲದಲ್ಲೇ. ಚಂದ್ರ ಅವರಿಗೆ ಅಂಥ ಎದುರಾಳಿ ಒಮ್ಮೆಯೂ ಸಿಗಲಿಲ್ಲ.

ಕುಂಬ್ಳೆ ಅಭಿಮಾನಿಗಳು ಸಿಟ್ಟಾಗುತ್ತಾರೆಂದು ಗೊತ್ತು. 2002ರಲ್ಲಿ ಆ್ಯಂಟಿಗದಲ್ಲಿ ಒಡೆದ ದವಡೆಗೆ ಬ್ಯಾಂಡೇಜ್ ಸುತ್ತಿಕೊಂಡು ಬಂದು ಲಾರಾ ಅವರನ್ನು ಔಟ್ ಮಾಡಿದವರ ಬಗ್ಗೆ ಹಗುರವಾಗಿ ಮಾತಾಡಲು ನನಗೆ ಸಾಧ್ಯವೇ ಇಲ್ಲ. ವಿಕೆಟ್ ಕೀಳುವ ಅದೇ ವೇಗವನ್ನು ಎರಡೂವರೆ ಪಟ್ಟು ಹೆಚ್ಚು ಎಸೆತಗಳವರೆಗೆ ಕಾಯ್ದುಕೊಂಡದ್ದು ಸಣ್ಣ ಸಾಧನೆಯಲ್ಲ, ಒಪ್ಪುತ್ತೇನೆ. ಆದರೆ ನಾವು ಕಟ್ಟುತ್ತಿರುವುದು ಒಂದು ಪಂದ್ಯದ ತಂಡ. ಐದು ದಿನ, ಎದುರಾಳಿಯ ಇಪ್ಪತ್ತು ವಿಕೆಟ್. ಹದಿನೆಂಟು ವರ್ಷದ ಬಾಳಿಕೆ ಚರಿತ್ರೆಯ ಪುಸ್ತಕಕ್ಕೆ ದೊಡ್ಡದು, ಐದು ದಿನದ ಪಂದ್ಯಕ್ಕೆ ಅದರಿಂದ ಒಂದು ವಿಕೆಟ್ ಕೂಡ ಹೆಚ್ಚಿಗೆ ಬರುವುದಿಲ್ಲ. ಪಂದ್ಯ ಗೆಲ್ಲಿಸಿದ ಲೆಕ್ಕ ಬೇಕೆನ್ನುವವರಿಗೆ ಅದೂ ಇದೆ. ಚಂದ್ರ ಆಡಿ ಭಾರತ ಗೆದ್ದ 14 ಟೆಸ್ಟ್‌ಗಳಲ್ಲಿ ಅವರು ತೆಗೆದದ್ದು 98 ವಿಕೆಟ್, ಅಂದರೆ ಪಂದ್ಯಕ್ಕೆ ಏಳು. ಕುಂಬ್ಳೆ ಆಡಿ ಗೆದ್ದ 43ರಲ್ಲಿ 288, ಪಂದ್ಯಕ್ಕೆ 6.7.

ಜೊತೆಗಾರರ ಮಾತೂ ಇದೆ. 1999ರ ಫೆಬ್ರುವರಿ 7ರಂದು ದೆಹಲಿಯ ಕೋಟ್ಲಾದಲ್ಲಿ ಪಾಕಿಸ್ತಾನದ ಒಂಬತ್ತು ವಿಕೆಟ್ ಕುಂಬ್ಳೆ ಕೈಯಲ್ಲಿದ್ದಾಗ, ಆಚೆ ತುದಿಯಲ್ಲಿ ಶ್ರೀನಾಥ್ ಚೆಂಡನ್ನು ಬೇಕೆಂದೇ ಆಫ್‌ಸ್ಟಂಪ್‌ನಿಂದ ದೂರ ಎಸೆದರು, ಹತ್ತನೆಯದೂ ಗೆಳೆಯನಿಗೇ ಸಿಗಲಿ ಎಂದು. ಕರ್ನಾಟಕದ ಕ್ರಿಕೆಟ್‌ನಲ್ಲಿ ನನಗೆ ಅತಿ ಪ್ರಿಯವಾದ ಗಳಿಗೆಗಳಲ್ಲಿ ಅದೂ ಒಂದು. ಚಂದ್ರ ಅವರ ಆಚೆ ತುದಿಯಲ್ಲಿ ಇರುತ್ತಿದ್ದವರು ಬೇಡಿ, ಪ್ರಸನ್ನ, ವೆಂಕಟರಾಘವನ್. ನಾಲ್ವರೂ ಸೇರಿ 853 ವಿಕೆಟ್. ಒಂದೇ ತಟ್ಟೆಗೆ ಅಷ್ಟು ಕೈಗಳಿದ್ದಾಗ ಸಿಕ್ಕ ಪಾಲು 242.

ಆ್ಯಪ್‌ನ ಪಾಯಿಂಟ್ ಪದ್ಧತಿ ಇದ್ಯಾವುದನ್ನೂ ನೋಡುವುದಿಲ್ಲ. ವಿಕೆಟ್‌ಗೆ ಇಷ್ಟು, ರನ್‌ಗೆ ಇಷ್ಟು, ಶತಕಕ್ಕೆ ಬೋನಸ್, ಅಷ್ಟೆ. 1975ರ ಜನವರಿಯಲ್ಲಿ ಚೆಪಾಕ್‌ನಲ್ಲಿ ಆ್ಯಂಡಿ ರಾಬರ್ಟ್ಸ್ 64 ರನ್‌ಗೆ ಏಳು ವಿಕೆಟ್ ಕಿತ್ತ ದಿನ ಭಾರತದ ಮೊತ್ತ 190. ಅದರಲ್ಲಿ ವಿಶ್ವನಾಥ್ ಅವರದೇ ಅಜೇಯ 97. ಭಾರತ ಆ ಟೆಸ್ಟ್ ಗೆದ್ದಿತು. ಮೂರು ರನ್ ಕಡಿಮೆಯಾದ್ದರಿಂದ ಆ್ಯಪ್ ಲೆಕ್ಕದಲ್ಲಿ ಅದಕ್ಕೆ ಶತಕದ ಬೋನಸ್ ಇಲ್ಲ!

ಅಮೆರಿಕದ ಬ್ಯಾಸ್ಕೆಟ್‌ಬಾಲ್‌ನವರು ಈ ಜಗಳವನ್ನು ನಮಗಿಂತ ಮುಂಚೆಯೇ ಆಡಿ ಮುಗಿಸಿದ್ದಾರೆ. ವಿಲ್ಟ್ ಚೇಂಬರ್ಲಿನ್ 1961–62ರ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 50.4 ಪಾಯಿಂಟ್ ಗಳಿಸಿದ್ದರು. ಈಗಿನವರು ಯಾರೂ ಹತ್ತಿರ ಸುಳಿಯುವುದಿಲ್ಲ. ಆದರೆ ಆಗ ಒಂದು ತಂಡ ಪಂದ್ಯವೊಂದರಲ್ಲಿ ನೂರಕ್ಕೂ ಹೆಚ್ಚು ಬಾರಿ ಬುಟ್ಟಿಗೆ ಗುರಿಯಿಡುತ್ತಿತ್ತು, ಈಗ ತೊಂಬತ್ತರ ಆಸುಪಾಸು. ಆ ವೇಗವನ್ನು ಕಳೆದೇ ಅಲ್ಲಿ ಹೋಲಿಕೆ ಮಾಡುತ್ತಾರೆ. ಇನ್ನೂ ದೊಡ್ಡ ಪಾಠ ಬಿಲ್ ರಸೆಲ್ ಅವರದು. 13 ಋತುಗಳಲ್ಲಿ 11 ಪ್ರಶಸ್ತಿ ಗೆದ್ದ ರಸೆಲ್ ಅವರ ನಿಜವಾದ ಬಲ ಎದುರಾಳಿಯ ಚೆಂಡನ್ನು ಗಾಳಿಯಲ್ಲೇ ತಡೆಯುವುದು. ಅದನ್ನು ಎನ್‌ಬಿಎ ಲೆಕ್ಕವಿಡಲು ಶುರುಮಾಡಿದ್ದು 1973–74ರಲ್ಲಿ. ರಸೆಲ್ 1969ರಲ್ಲೇ ನಿವೃತ್ತರು. ಅಂಕಿಯೇ ಇಲ್ಲದಿದ್ದರೂ ಅವರನ್ನು ಬಿಟ್ಟು ತಂಡ ಕಟ್ಟುವ ಧೈರ್ಯ ಅಲ್ಲಿ ಹೆಚ್ಚಿನವರಿಗಿಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ಅಮೆರಿಕದಿಂದ ಕಲಿಯುವ ಅಗತ್ಯವೂ ಇರಬಾರದು. ಯಕ್ಷಗಾನದಲ್ಲಿ ಕೆರೆಮನೆ ಶಂಭು ಹೆಗಡೆಯವರೋ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೋ ಎಂಬ ವಾದ ಅಂಕೋಲೆಯಲ್ಲಿ ಎಷ್ಟು ರಾತ್ರಿ ನಡೆದಿಲ್ಲ! ಯಾರು ಎಷ್ಟು ಆಟ ಕುಣಿದರು ಎಂದು ಅಲ್ಲಿ ಯಾರೂ ಎಣಿಸುವುದಿಲ್ಲ. ಯಾವ ಪ್ರಸಂಗ, ಭಾಗವತರು ಯಾರು, ಎದುರು ವೇಷ ಯಾರದ್ದು, ಚಿಟ್ಟಾಣಿಯವರ ಕೀಚಕ ರಂಗಕ್ಕೆ ಬಂದಾಗ ಸಭೆ ಏನಾಯಿತು ಎಂದು ಕೇಳುತ್ತಾರೆ. ಯಕ್ಷಗಾನಕ್ಕಿರುವ ಈ ವಿವೇಕ ಕ್ರಿಕೆಟ್ ಮಾತಿಗೆ ಬಂದ ಕೂಡಲೇ ಎಲ್ಲಿ ಹೋಗುತ್ತದೆ?

ಇನ್ನು ‘ಸಾರ್ವಕಾಲಿಕ’ದ ಮಾತು. ರಣಜಿಯ ಮೊಟ್ಟಮೊದಲ ಪಂದ್ಯ 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ನಡೆಯಿತು. ಮೈಸೂರು 48 ಮತ್ತು 59ಕ್ಕೆ ಉರುಳಿ ಒಂದೇ ದಿನದಲ್ಲಿ ಮದ್ರಾಸಿಗೆ ಸೋತಿತು. ಅಂದು ಕಾರವಾರ, ಅಂಕೋಲೆ ಎರಡೂ ಮುಂಬಯಿ ಪ್ರಾಂತ್ಯದಲ್ಲಿದ್ದವು. 1956ರ ನವೆಂಬರ್ 1ರವರೆಗೆ ಆ ಮೈಸೂರು ತಂಡ ನಮ್ಮ ಕರಾವಳಿಯ ರಾಜ್ಯದ ತಂಡವೇ ಆಗಿರಲಿಲ್ಲ. ಹಾಗಾಗಿ ನನ್ನ ತಂಡ 1956ರಿಂದ ಶುರುವಾಗುತ್ತದೆ. ಬೆಂಗಳೂರು, ಮೈಸೂರಿನವರಿಗೆ ಬೇರೆ ಲೆಕ್ಕವಿರಬಹುದು. ಆಯ್ಕೆಯ ಗಡಿ ಯಾವುದೆಂದು ಹೇಳದೆ ಪಟ್ಟಿ ಹೊರಡಿಸುವುದು ಮಾತ್ರ ಸರಿಯಲ್ಲ.

ಚಂದ್ರ ಅವರನ್ನು ಅಂಕಿಗಳಿಂದಲೇ ಸಮರ್ಥಿಸಿದೆ. ಓವಲ್‌ನ ಆ ಒಂದು ಎಸೆತವನ್ನು ಹೇಳದಿದ್ದರೆ ಅವರು ಏನೆಂದು ತಿಳಿಯುವುದಿಲ್ಲ. 1971ರ ಆಗಸ್ಟ್. ಬಾಲ್ಯದ ಪೋಲಿಯೊದಿಂದ ಸೊರಗಿದ ಬಲಗೈ, ಫೀಲ್ಡಿಂಗ್‌ನಲ್ಲಿ ಚೆಂಡು ಹಿಂದಿರುಗಿಸಲು ಎಡಗೈ. ಕ್ರೀಸ್‌ನಲ್ಲಿ ಜಾನ್ ಎಡ್ರಿಚ್. ದಿಲೀಪ್ ಸರ್‌ದೇಸಾಯಿ ‘ಮಿಲ್ ರೀಫ್ ಹಾಕು’ ಎಂದು ಕೂಗಿದರು. ಮಿಲ್ ರೀಫ್ ಆ ವರ್ಷ ಡರ್ಬಿ ಗೆದ್ದ ಕುದುರೆ, ಅಂದರೆ ವೇಗದ ಎಸೆತ. ಸರ್‌ದೇಸಾಯಿ ಹುಟ್ಟಿದ್ದು ಕಾರವಾರದ ಗಡಿ ದಾಟಿದರೆ ಸಿಗುವ ಮಡಗಾಂವ್‌ನಲ್ಲಿ. ಎಡ್ರಿಚ್ ಬ್ಯಾಟ್ ಕೆಳಗಿಳಿಸುವ ಮುನ್ನ ಸ್ಟಂಪ್ ಹಾರಿತ್ತು, ಸೊನ್ನೆಗೆ ಔಟ್. ಚಂದ್ರ 38ಕ್ಕೆ 6, ಇಂಗ್ಲೆಂಡ್ 101. ಆ ನೆಲದಲ್ಲಿ ಭಾರತದ ಮೊದಲ ಸರಣಿ ಗೆಲುವು ಅದು. ಆರು ವರ್ಷದ ಬಳಿಕ ಮೆಲ್ಬರ್ನ್‌ನಲ್ಲಿ ಎರಡೂ ಇನಿಂಗ್ಸ್‌ನಲ್ಲಿ 52ಕ್ಕೆ 6, ಆಸ್ಟ್ರೇಲಿಯಾ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು.

ಹಾಗಾದರೆ ಹನ್ನೊಂದರಲ್ಲಿ ಹೊರಗೆ ಯಾರು? ಇಲ್ಲಿ ನನಗೆ ನಿಜಕ್ಕೂ ನೋವಾಗುತ್ತದೆ. ನಮ್ಮ ಧಾರವಾಡ ವಲಯದ ಸುನಿಲ್ ಜೋಶಿ, ಗದಗದಿಂದ ಹುಬ್ಬಳ್ಳಿಗೆ ಅಭ್ಯಾಸಕ್ಕೆ ಓಡಾಡಿ ಬೆಳೆದವರು, 1995–96ರ ಒಂದೇ ರಣಜಿ ಋತುವಿನಲ್ಲಿ 500 ರನ್ ಮತ್ತು 50 ವಿಕೆಟ್ ಎರಡನ್ನೂ ದಾಟಿದವರು. ಯಾವ ಆ್ಯಪ್‌ಗೆ ಕೇಳಿದರೂ ಚಂದ್ರ ಅವರಿಗಿಂತ ಜೋಶಿಯವರಿಗೇ ಹೆಚ್ಚು ಪಾಯಿಂಟ್ ಬೀಳುತ್ತದೆ. ನನ್ನ ತಂಡದಲ್ಲಿ ಅವರು ಹನ್ನೆರಡನೆಯವರು. ಪ್ರಸನ್ನ, ಕುಂಬ್ಳೆ, ಶ್ರೀನಾಥ್, ರೋಜರ್ ಬಿನ್ನಿ ಇರುತ್ತಾರೆ. ಟೆಸ್ಟ್ ಜೀವನದಲ್ಲಿ 167 ರನ್ ಮಾಡಿ 242 ವಿಕೆಟ್ ತೆಗೆದ ಚಂದ್ರಶೇಖರ್ ಹನ್ನೊಂದನೆಯ ಕ್ರಮಾಂಕದಲ್ಲಿ ಬ್ಯಾಟ್ ಹಿಡಿದು ಬರುತ್ತಾರೆ, ಎರಡೂ ಇನಿಂಗ್ಸ್‌ನಲ್ಲಿ ಸೊನ್ನೆಗೆ ಔಟಾದರೂ ನನ್ನ ಆಯ್ಕೆ ಬದಲಾಗುವುದಿಲ್ಲ.