ಯೂನಿಯನ್ ಫೀಸು ಕೊಟ್ಟವರು ಲೆಕ್ಕ ಕೇಳಬೇಡವೇ?

ಕಾಸರಗೋಡು: ಮಂಜೇಶ್ವರ, ಉಪ್ಪಳ ಕಡೆಯ ಅನೇಕ ಮನೆಗಳಲ್ಲಿ ಇದು ದಿನನಿತ್ಯದ ನೋಟ. ಬೆಳಿಗ್ಗೆ ಅಣ್ಣ ಮಂಗಳೂರು ಬಸ್ಸು ಹತ್ತುತ್ತಾನೆ, ತಂಗಿ ಕಾಸರಗೋಡು ಬಸ್ಸು ಹತ್ತುತ್ತಾಳೆ. ಇಬ್ಬರೂ ಡಿಗ್ರಿ ಓದುವವರೇ. ಆದರೆ ತಂಗಿಗೆ ಕಾಲೇಜು ಯೂನಿಯನ್ನಿಗೆ ಓಟು ಹಾಕುವ ಹಕ್ಕಿದೆ. ಗಡಿಯಾಚೆ ಓದುವ ಅಣ್ಣನಿಗೆ ಅಂಥ ಬಹಿರಂಗ ಚುನಾವಣೆಯ ಭಾಗ್ಯವಿಲ್ಲ.

ಕರ್ನಾಟಕದಲ್ಲಿ 1980ರ ದಶಕದ ಕೊನೆಗೆ ವಿದ್ಯಾರ್ಥಿ ಸಂಘದ ಚುನಾವಣೆಗಳು ನಿಂತುಹೋದವು. ಹೊಡೆದಾಟ, ಗಲಾಟೆ, ಪಕ್ಷಗಳ ಹಸ್ತಕ್ಷೇಪ ಇದಕ್ಕೆ ಕೊಟ್ಟ ಕಾರಣ. 2025ರ ಕೊನೆಯಲ್ಲಿ ಅವನ್ನು ಮರಳಿ ತರುವ ಮಾತು ಬೆಂಗಳೂರಿನಲ್ಲಿ ಎದ್ದಿತು. ಮಹಾರಾಷ್ಟ್ರದ ಕಥೆಯೂ ಹೆಚ್ಚುಕಡಿಮೆ ಹೀಗೆಯೇ. 1994ರ ಕಾಯ್ದೆಯ ಬಳಿಕ ಅಲ್ಲಿ ಅಂಕ ನೋಡಿ ಪ್ರತಿನಿಧಿಗಳನ್ನು ಆರಿಸುವ ಪದ್ಧತಿ ಬಂತು. 2016ರ ಹೊಸ ಕಾಯ್ದೆ ಚುನಾವಣೆಗೆ ಮತ್ತೆ ಬಾಗಿಲು ತೆರೆದರೂ 2019ರಲ್ಲಿ ನಡೆಯಬೇಕಿದ್ದದ್ದು ಮುಂದಕ್ಕೆ ಹೋಯಿತು. ಹಾಗಾಗಿ ಸೊಲ್ಲಾಪುರ, ಅಕ್ಕಲಕೋಟೆಯ ನಮ್ಮವರೂ ಈ ಲೇಖನ ಓದಿ ತಮ್ಮ ಊರಿನೊಡನೆ ಹೋಲಿಸಿಕೊಳ್ಳಬಹುದು.

ಚುನಾವಣೆ ಬೇಕೇ ಬೇಡವೇ ಎಂಬ ವಾದ ಹಳೆಯದು. ಚುನಾವಣೆ ಇರುವ ಕೇರಳದಲ್ಲಿ ಯೂನಿಯನ್ ನಡೆಯುವುದು ಹೇಗೆ, ಹಣ ಯಾರದು, ಲೆಕ್ಕ ಯಾರಿಗೆ ಎಂಬುದನ್ನು ಮಾತ್ರ ಯಾರೂ ಅಷ್ಟಾಗಿ ಕೇಳುವುದಿಲ್ಲ.

ಎರಡು ಮೆಟ್ಟಿಲಿನ ವ್ಯವಸ್ಥೆ

1996ರಲ್ಲಿ ಹುಟ್ಟಿದ ಕಣ್ಣೂರು ವಿಶ್ವವಿದ್ಯಾನಿಲಯದ ವ್ಯಾಪ್ತಿ ಕಣ್ಣೂರು, ಕಾಸರಗೋಡು ಜಿಲ್ಲೆಗಳು ಮತ್ತು ವಯನಾಡಿನ ಮಾನಂತವಾಡಿ ತಾಲೂಕು. ಇಲ್ಲಿ ಯೂನಿಯನ್ನಿಗೆ ಎರಡು ಮೆಟ್ಟಿಲು. ಮೊದಲನೆಯದು ಕಾಲೇಜು ಯೂನಿಯನ್. ಅಧ್ಯಕ್ಷ, ಕಾರ್ಯದರ್ಶಿ, ಲಲಿತಕಲಾ ಕಾರ್ಯದರ್ಶಿ, ಮ್ಯಾಗಜಿನ್ ಸಂಪಾದಕ, ಜನರಲ್ ಕ್ಯಾಪ್ಟನ್ ಮುಂತಾದ ಹುದ್ದೆಗಳು ಅದರಲ್ಲಿವೆ. ಇವರ ಜೊತೆಗೆ ಯೂನಿವರ್ಸಿಟಿ ಯೂನಿಯನ್ ಕೌನ್ಸಿಲರ್, ಅಂದರೆ ಎಲ್ಲರೂ ಹೇಳುವ 'ಯುಯುಸಿ'ಯೂ ಆಯ್ಕೆಯಾಗುತ್ತಾರೆ. ಎರಡನೆಯ ಮೆಟ್ಟಿಲಿನಲ್ಲಿ ಎಲ್ಲ ಕಾಲೇಜುಗಳ ಯುಯುಸಿಗಳು ಸೇರಿ ವಿಶ್ವವಿದ್ಯಾನಿಲಯ ಯೂನಿಯನ್ನಿನ ಪದಾಧಿಕಾರಿಗಳನ್ನು ಆರಿಸುತ್ತಾರೆ.

ಅಂದರೆ ಸಾಮಾನ್ಯ ವಿದ್ಯಾರ್ಥಿಗೂ ಮೇಲಿನ ಯೂನಿಯನ್ನಿಗೂ ನಡುವೆ ಇರುವ ಒಂದೇ ಕೊಂಡಿ ಯುಯುಸಿ. ಆ ಕೊಂಡಿ ಕಳಚಿದರೆ ಏನಾಗುತ್ತದೆ ಎಂಬುದಕ್ಕೆ 2023ರ ಮೇ ತಿಂಗಳಲ್ಲಿ ಉದಾಹರಣೆ ಸಿಕ್ಕಿತು. ತಿರುವನಂತಪುರ ಜಿಲ್ಲೆಯ ಕಾಟ್ಟಾಕಡದ ಕ್ರಿಶ್ಚಿಯನ್ ಕಾಲೇಜಿನಿಂದ ಕೇರಳ ವಿಶ್ವವಿದ್ಯಾನಿಲಯಕ್ಕೆ ಹೋದ ಪಟ್ಟಿಯಲ್ಲಿ ಗೆದ್ದ ವಿದ್ಯಾರ್ಥಿನಿಯ ಹೆಸರೇ ಇರಲಿಲ್ಲ. ಬದಲಿಗೆ ಚುನಾವಣೆಗೆ ನಿಲ್ಲದ ವಿದ್ಯಾರ್ಥಿ ನಾಯಕನೊಬ್ಬನ ಹೆಸರಿತ್ತು. ಪೊಲೀಸ್ ಕೇಸಾಯಿತು, ವಿಶ್ವವಿದ್ಯಾನಿಲಯ ಯೂನಿಯನ್ ಚುನಾವಣೆಯೇ ಮುಂದೂಡಲ್ಪಟ್ಟಿತು. ಆ ಕಾಲೇಜಿನ ಮಕ್ಕಳು ಹಾಕಿದ ಓಟಿಗೆ ಒಂದು ಕಾಗದದ ಮೇಲೆ ಬೆಲೆ ಇಲ್ಲದಾಯಿತು.

ಲಿಂಗ್ಡೋ ವರದಿ ಏನೆನ್ನುತ್ತದೆ?

ಕೇರಳದ ಕಾಲೇಜು ಪ್ರಾಂಶುಪಾಲರ ಮಂಡಳಿ ಹಾಗೂ ಕೇರಳ ವಿಶ್ವವಿದ್ಯಾನಿಲಯದ ನಡುವಿನ ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹೋದಾಗ, ಅದರ ನಿರ್ದೇಶನದಂತೆ ಮಾಜಿ ಮುಖ್ಯ ಚುನಾವಣಾ ಆಯುಕ್ತ ಜೆ.ಎಂ. ಲಿಂಗ್ಡೋ ಸಮಿತಿ ರಚನೆಯಾಯಿತು. ಅದರ ಶಿಫಾರಸುಗಳನ್ನು 2006ರ ಸೆಪ್ಟೆಂಬರ್ 22ರಂದು ಕೋರ್ಟು ಜಾರಿಗೆ ತರಲು ಹೇಳಿತು. ದೇಶಕ್ಕೆಲ್ಲ ಅನ್ವಯಿಸುವ ನಿಯಮ ಹುಟ್ಟಿದ್ದೇ ಕೇರಳದ ಜಗಳದಿಂದ ಎಂಬುದು ಗಮನಿಸಬೇಕಾದ ವಿಷಯ.

ಅದರ ಮುಖ್ಯಾಂಶ ಹೀಗಿದೆ. ಅಭ್ಯರ್ಥಿಗೆ 75 ಶೇಕಡಾ ಹಾಜರಿ ಇರಬೇಕು, ಆ ವರ್ಷ ಬಾಕಿ ಪರೀಕ್ಷೆ ಇರಬಾರದು. ಡಿಗ್ರಿ ವಿದ್ಯಾರ್ಥಿಯ ವಯಸ್ಸು 17ರಿಂದ 22. ಪದಾಧಿಕಾರಿ ಹುದ್ದೆಗೆ ಒಂದೇ ಅವಕಾಶ. ಖರ್ಚಿನ ಮಿತಿ 5,000 ರೂಪಾಯಿ. ಪಕ್ಷದ ಹಣ ಬಳಸುವಂತಿಲ್ಲ. ಅಚ್ಚು ಮಾಡಿದ ಪೋಸ್ಟರ್ ಇಲ್ಲ, ಕೈಯಲ್ಲಿ ಬರೆದದ್ದು ಮಾತ್ರ. ಫಲಿತಾಂಶ ಬಂದ ಎರಡು ವಾರದೊಳಗೆ ಖರ್ಚಿನ ಲೆಕ್ಕ ಕೊಡಬೇಕು.

ಓದಲು ಚೆನ್ನಾಗಿದೆ. ಆದರೆ ಚುನಾವಣೆ ಸಮಯದಲ್ಲಿ ಯಾವುದೇ ಕಾಲೇಜಿನ ಗೇಟಿನ ಹತ್ತಿರ ಹೋಗಿ ನೋಡಿ. ಫ್ಲೆಕ್ಸ್, ಬಾವುಟ, ಚೆಂಡೆ, ಮೈಕು! ಇದೆಲ್ಲ 5,000 ರೂಪಾಯಿಯಲ್ಲಿ ಮುಗಿಯುತ್ತದೆಯೇ? ಅಭ್ಯರ್ಥಿ ಖರ್ಚು ಮಾಡುವುದಿಲ್ಲ, ಸಂಘಟನೆ ಮಾಡುತ್ತದೆ ಎಂಬುದು ಉತ್ತರ. ಸಂಘಟನೆಗೆ ಹಣ ಎಲ್ಲಿಂದ ಎಂದು ಕೇಳಿದರೆ ಉತ್ತರವಿಲ್ಲ. ಇನ್ನೊಂದು ತೊಡಕು ವಯಸ್ಸಿನದು. 2024ರಲ್ಲಿ ಕೇರಳದಲ್ಲಿ ನಾಲ್ಕು ವರ್ಷದ ಡಿಗ್ರಿ ಆರಂಭವಾಯಿತು. ವೃತ್ತಿಪರ ಕಾಲೇಜುಗಳ ನಾಲ್ಕೈದು ವರ್ಷದ ಕೋರ್ಸುಗಳಿಗೆ ಮಾತ್ರ ಲಿಂಗ್ಡೋ ಸಮಿತಿ ವಯಸ್ಸಿನ ಸಡಿಲಿಕೆ ಹೇಳಿತ್ತು. 2006ರ ಲೆಕ್ಕಾಚಾರವನ್ನು ಹೊಸ ಪದ್ಧತಿಗೆ ಹೊಂದಿಸಬೇಕಾದ ಕಾಲ ಬಂದಿದೆ.

ಹಣ ಯಾರದು?

ಯೂನಿಯನ್ನಿಗೆ ಆಕಾಶದಿಂದ ಹಣ ಬೀಳುವುದಿಲ್ಲ. ಪ್ರವೇಶದ ವೇಳೆ ಕಟ್ಟುವ ಫೀಸಿನ ರಶೀದಿಯಲ್ಲಿ ಯೂನಿಯನ್, ಮ್ಯಾಗಜಿನ್, ಕ್ರೀಡೆ ಎಂದೆಲ್ಲ ಸಣ್ಣ ಸಣ್ಣ ಸಾಲುಗಳಿರುತ್ತವೆ. ಹೆತ್ತವರು ಕೆಳಗಿನ ಒಟ್ಟು ಮೊತ್ತವನ್ನಷ್ಟೇ ನೋಡಿ ದುಡ್ಡು ಎಣಿಸಿ ಕೊಡುತ್ತಾರೆ. ಆ ಸಣ್ಣ ಸಾಲುಗಳೇ ನೂರಾರು ಕಾಲೇಜುಗಳಿಂದ ಕೂಡಿ ದೊಡ್ಡ ಗಂಟಾಗುತ್ತವೆ. ಅಡಿಕೆಗೆ ರೋಗ ಬಂದ ವರ್ಷವೂ, ಬೀಡಿ ಕಟ್ಟಿ ಸಂಸಾರ ನಡೆಸುವ ಮನೆಯವರೂ ಅದನ್ನು ತಪ್ಪದೆ ಕಟ್ಟಿರುತ್ತಾರೆ.

ಹಣ ವಿದ್ಯಾರ್ಥಿ ನಾಯಕರ ಜೇಬಿಗೆ ನೇರವಾಗಿ ಹೋಗುತ್ತದೆಂದು ತಿಳಿಯುವುದೂ ತಪ್ಪು. ಕಾಲೇಜಿನಲ್ಲಿ ಪ್ರಾಂಶುಪಾಲರು ಹಾಗೂ ಯೂನಿಯನ್ ಸಲಹೆಗಾರ ಅಧ್ಯಾಪಕರ ಕೈದಾಟಿಯೇ ಅದು ಹೊರಬರಬೇಕು. ವಿಶ್ವವಿದ್ಯಾನಿಲಯ ಮಟ್ಟದಲ್ಲಿ ವಿದ್ಯಾರ್ಥಿ ಸೇವಾ ನಿರ್ದೇಶಕರು ಮತ್ತು ಹಣಕಾಸು ವಿಭಾಗ ಇದೆ. ಕಾರ್ಯಕ್ರಮಕ್ಕೆ ಮುಂಗಡ ಪಡೆದರೆ ಬಿಲ್ಲು ವೋಚರು ಒಪ್ಪಿಸಬೇಕು. ಮೇಲೆ ರಾಜ್ಯದ ಆಡಿಟ್ ಇಲಾಖೆ ಇದೆ. ಆದ್ದರಿಂದ ಲೆಕ್ಕ ತಪ್ಪಿದರೆ ಹುಡುಗರನ್ನು ಮಾತ್ರ ಬೈದು ಪ್ರಯೋಜನವಿಲ್ಲ, ಸಹಿ ಹಾಕಿದ ಹಿರಿಯರೂ ಉತ್ತರ ಕೊಡಬೇಕು.

ಸಿಗುವ ಸೇವೆ ಏನು?

ಕೇರಳದ ಯೂನಿಯನ್‌ಗಳು ಏನೂ ಮಾಡಿಲ್ಲವೆಂದರೆ ಅನ್ಯಾಯವಾಗುತ್ತದೆ. ಬಸ್ ಕನ್ಸೆಶನ್ ವಿಷಯದಲ್ಲಿ ಕಂಡಕ್ಟರ್ ತಕರಾರು ತೆಗೆದಾಗ, ಪರೀಕ್ಷೆಯ ಫಲಿತಾಂಶ ತಡವಾದಾಗ, ಹಾಸ್ಟೆಲಿನ ನೀರು ಕೆಟ್ಟಾಗ ಮೊದಲು ಬರುವವರು ಇವರೇ. ಗಡಿಯಾಚೆ ಓದುವ ಅಣ್ಣನಿಗೆ ಇಂಥ ಆಸರೆ ಕಡಿಮೆ. ಆದರೆ ಹಣದ ದೊಡ್ಡ ಪಾಲು ಹೋಗುವುದು ಕಲೋತ್ಸವಕ್ಕೆ. ಅಲ್ಲಿಯೂ ಎಲ್ಲ ಸರಿಯಿಲ್ಲ. 2024ರ ಮಾರ್ಚಿನಲ್ಲಿ ಕೇರಳ ವಿಶ್ವವಿದ್ಯಾನಿಲಯದ ಕಲೋತ್ಸವ, ತೀರ್ಪಿನ ಬಗ್ಗೆ ಎದ್ದ ದೂರುಗಳು ಮತ್ತು ಗಲಾಟೆಯಿಂದ ಅರ್ಧಕ್ಕೇ ನಿಂತಿತು.

ಇನ್ನು ಕನ್ನಡದ ಪ್ರಶ್ನೆ. ನಾನು ಓದುವ ಕಾಲದಲ್ಲಿ ನಮ್ಮ ಕಾಲೇಜಿನ ಮ್ಯಾಗಜಿನ್ನಿಗೆ ಕನ್ನಡದ ಹುಡುಗರು ಬರೆದ ಲೇಖನಗಳಲ್ಲಿ ಅಚ್ಚಾದದ್ದು ಕೊನೆಯ ಕೆಲವು ಪುಟ ಮಾತ್ರ. ಜಾಗವಿಲ್ಲ ಎಂದರು. ನಾವೂ ಸುಮ್ಮನಾದೆವು. ಮ್ಯಾಗಜಿನ್ ಫೀಸು ಮಾತ್ರ ಎಲ್ಲರಿಂದಲೂ ಒಂದೇ ಆಗಿತ್ತು. ಅಂದು ಕೇಳಬೇಕಿತ್ತು ಎಂದು ಈಗ ಅನಿಸುತ್ತದೆ. ಯೂನಿಯನ್ನಿನ ನೋಟೀಸು ಕನ್ನಡದಲ್ಲೂ ಬರುತ್ತದೆಯೇ, ಕನ್ನಡ ಸ್ಪರ್ಧೆಗೆ ಕನ್ನಡ ಬಲ್ಲ ತೀರ್ಪುಗಾರರು ಇದ್ದಾರೆಯೇ, ಮ್ಯಾಗಜಿನ್ನಿನಲ್ಲಿ ಕನ್ನಡಕ್ಕೆ ಎಷ್ಟು ಪುಟ ಎಂದು ಓಟು ಕೇಳಲು ಬಂದವರನ್ನು ಕೇಳಬೇಕಾದವರು ಇಂದಿನ ವಿದ್ಯಾರ್ಥಿಗಳು. ಕಾಸರಗೋಡು, ಮಂಜೇಶ್ವರದ ಕಾಲೇಜುಗಳಲ್ಲಿ ಕನ್ನಡದ ಮಕ್ಕಳ ಓಟು ಕಡೆಗಣಿಸುವಷ್ಟು ಸಣ್ಣದಲ್ಲ.

ಕೇಳುವ ದಾರಿಯೂ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆ ವಿಶ್ವವಿದ್ಯಾನಿಲಯಕ್ಕೂ ಸರಕಾರಿ ಕಾಲೇಜಿಗೂ ಅನ್ವಯಿಸುತ್ತದೆ. 10 ರೂಪಾಯಿಯ ಅರ್ಜಿಗೆ 30 ದಿನದೊಳಗೆ ಉತ್ತರ ಕೊಡಬೇಕು. ಯೂನಿಯನ್ ಫೀಸಿನಿಂದ ಎಷ್ಟು ಬಂತು, ಯಾವುದಕ್ಕೆ ಹೋಯಿತು, ಯಾವ ಮುಂಗಡದ ಬಿಲ್ಲು ಬಾಕಿಯಿದೆ ಎಂಬ ಮೂರು ಪ್ರಶ್ನೆ ಸಾಕು. ಅದಕ್ಕಿಂತ ಒಳ್ಳೆಯದು, ಅಧಿಕಾರ ಬಿಡುವ ಯೂನಿಯನ್ ತಾನಾಗಿಯೇ ವರ್ಷದ ಲೆಕ್ಕವನ್ನು ಕಾಲೇಜಿನ ನೋಟೀಸು ಬೋರ್ಡಿನಲ್ಲಿ ಅಂಟಿಸುವುದು. ಊರಿನ ಹಾಲು ಸೊಸೈಟಿ, ಭಜನಾ ಮಂದಿರದ ಸಮಿತಿಗಳೇ ಮಹಾಸಭೆ ಕರೆದು ಲೆಕ್ಕ ಓದುತ್ತವೆ. ಡಿಗ್ರಿ ಓದುವವರಿಗೆ ಅದು ಕಷ್ಟವಾಗಬಾರದು.

ಕರ್ನಾಟಕದಲ್ಲಿ ಚುನಾವಣೆ ಮರಳಿ ತರಬೇಕೆನ್ನುವವರೂ ಈ ಕಡೆ ಒಮ್ಮೆ ನೋಡಿದರೆ ಒಳ್ಳೆಯದು. ಓಟಿನ ಜೊತೆಗೆ ಲೆಕ್ಕದ ವ್ಯವಸ್ಥೆಯನ್ನೂ ತಂದರೆ ಅಣ್ಣನಿಗೂ ಲಾಭ. ಇಲ್ಲವಾದರೆ ಅವನ ಫೀಸಿನ ರಶೀದಿಯಲ್ಲಿ ಇನ್ನೊಂದು ಸಾಲು ಸೇರುತ್ತದೆ, ಅಷ್ಟೇ.