ಪ್ರವಾಸದ ವೇಳಾಪಟ್ಟಿಯನ್ನು ಕೂಸೇ ನಿರ್ಧರಿಸಲಿ

ಏಪ್ರಿಲ್ ಬಂತೆಂದರೆ ಶಿವಮೊಗ್ಗ, ಭದ್ರಾವತಿಗಳ ಮನೆಗಳಲ್ಲಿ ಪ್ರವಾಸದ ಮಾತು ಆರಂಭವಾಗುತ್ತದೆ. ಹಿಂದೆ ಬೇಸಗೆ ರಜೆಯೆಂದರೆ ಅಜ್ಜಿಯ ಮನೆಯೇ ಆಗಿತ್ತು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ವಸತಿಗೃಹಗಳಿಂದ ತವರಿಗೆ ಹೊರಟ ತಾಯಂದಿರು ಹದಿನೈದು ದಿನ ಒಂದೇ ಮನೆಯಲ್ಲಿ ತಂಗಿ, ಮಕ್ಕಳನ್ನು ಹತ್ತು ಕೈಗಳಿಗೆ ಒಪ್ಪಿಸಿ, ತಾವೂ ಒಂದಿಷ್ಟು ವಿಶ್ರಾಂತಿ ಪಡೆದು ಮರಳುತ್ತಿದ್ದರು. ಈಗ ಬಾಡಿಗೆ ವಾಹನ, ಎರಡು ದಿನ, ಆರು ಊರು. ಪ್ರವಾಸವೇ ಬೇಡವೆಂದು ನಾವು ಹೇಳುವುದಿಲ್ಲ. ಆದರೆ ಮನೆಯಲ್ಲಿ ಒಂದು ಹಾಲುಗೂಸು, ಇನ್ನೊಂದು ಓಡಾಡುವ ಪುಟ್ಟ ಮಗು ಇರುವಾಗ ದಾರಿಯನ್ನೂ ದೂರವನ್ನೂ ಹಿರಿಯರ ಹರಕೆಯೋ ಚಾಲಕನ ಅನುಕೂಲವೋ ನಿರ್ಧರಿಸಬಾರದು. ಮನೆಯ ಅತಿ ಕಿರಿಯ ಜೀವವೇ ನಿರ್ಧರಿಸಬೇಕು ಎಂಬುದು ನಮ್ಮ ಖಚಿತ ಅಭಿಪ್ರಾಯ.

ಕಳೆದ ವರ್ಷ ಭದ್ರಾವತಿಯ ದಂಪತಿಗಳು ನಮ್ಮಲ್ಲಿಗೆ ಬಂದಿದ್ದರು. ಎರಡೂವರೆ ವರ್ಷದ ಮಗ, ಐದು ತಿಂಗಳ ಮಗಳು. ಸಿಗಂದೂರು, ಜೋಗ, ಮುರುಡೇಶ್ವರ, ಕೊಲ್ಲೂರು, ಆಗುಂಬೆ ಎಲ್ಲವನ್ನೂ ಎರಡೇ ದಿನಗಳಲ್ಲಿ ಮುಗಿಸುವ ಯೋಜನೆ. ನಾನೂರು ಕಿಲೋಮೀಟರು ಮೀರುವ ದಾರಿ. ಜೊತೆಯಲ್ಲಿದ್ದ ಅಜ್ಜಿ ಕೇಳಿದರು: “ಡಾಕ್ಟ್ರೇ, ಕೂಸು ದಾರೀಲಿ ಅಳದೆ ಮಲಗಬೇಕು, ಜಾಯಿಕಾಯಿ ಎಷ್ಟು ತೇಯ್ದು ನೆಕ್ಕಿಸಲಿ?” ಆಯುರ್ವೇದ ವೈದ್ಯರಾದ್ದರಿಂದ ನಾವು ಒಪ್ಪುತ್ತೇವೆಂದು ಅವರ ನಂಬಿಕೆ. ನಾವು ಒಪ್ಪಲಿಲ್ಲ. ಜಾಯಿಕಾಯಿ ಔಷಧವೇ ಹೌದು. ಆದ್ದರಿಂದಲೇ ಅದಕ್ಕೊಂದು ಪ್ರಮಾಣವಿದೆ. ತೇಯುವ ಕಲ್ಲಿನ ಮೇಲಿನ ಸುತ್ತು ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಗೆ. ಹೆಚ್ಚಾದರೆ ಬರುವುದು ನಿದ್ರೆಯಲ್ಲ, ಮಂಪರು. ನಿದ್ರೆಗಾಗಿ ಕೆಮ್ಮಿನ ಸಿರಪ್ ಕುಡಿಸುವವರೂ ಇದ್ದಾರೆ. ಅದು ಇನ್ನೂ ಅಪಾಯ. ಒಂದು ವರ್ಷ ತುಂಬದ ಕೂಸಿಗೆ ಜೇನನ್ನೂ ನೆಕ್ಕಿಸಬಾರದು. ಜೇನಿನಲ್ಲಿ ಇರಬಹುದಾದ ಒಂದು ಸೂಕ್ಷ್ಮಾಣು ಎಳೆಯ ಕರುಳಿನಲ್ಲಿ ಬೆಳೆದು ವಿಷವನ್ನುಂಟುಮಾಡಬಲ್ಲದು. ನಮ್ಮ ಶಾಸ್ತ್ರಗ್ರಂಥಗಳಲ್ಲಿ ಜೇನಿನ ಪ್ರಸ್ತಾಪವಿದೆಯಲ್ಲ ಎಂದು ವಾದಿಸುವವರುಂಟು. ಗ್ರಂಥವನ್ನು ಗೌರವಿಸುತ್ತಲೇ ಅನಂತರ ತಿಳಿದುಬಂದದ್ದನ್ನೂ ಸ್ವೀಕರಿಸುವುದು ವೈದ್ಯನ ಕರ್ತವ್ಯ. ಮಗುವನ್ನು ಔಷಧ ಕೊಟ್ಟು ಮಲಗಿಸಿಯೇ ಕರೆದೊಯ್ಯಬೇಕಾದ ಪ್ರವಾಸವನ್ನು ಅರ್ಧಕ್ಕೆ ಇಳಿಸಿರೆಂದು ಆ ದಂಪತಿಗಳಿಗೆ ಹೇಳಿದೆವು. ಅಜ್ಜಿಗೆ ಅಸಮಾಧಾನವಾಯಿತು. ಹರಕೆಯೊಂದು ಮುಂದಿನ ವರ್ಷದವರೆಗೆ ಕಾದರೆ ಯಾವ ದೈವವೂ ಮುನಿಯುವುದಿಲ್ಲ ಎಂಬುದಷ್ಟೇ ನಮ್ಮ ಉತ್ತರ.

ಸುಶ್ರುತ ಸಂಹಿತೆಯು ಮಕ್ಕಳನ್ನು ಆಹಾರದ ಮೇಲಿಂದ ಮೂರು ಬಗೆಯಾಗಿ ವಿಂಗಡಿಸುತ್ತದೆ: ಒಂದು ವರ್ಷದವರೆಗೆ ಕ್ಷೀರಪ, ಎರಡು ವರ್ಷದವರೆಗೆ ಕ್ಷೀರಾನ್ನಾದ, ಆಮೇಲೆ ಅನ್ನಾದ. ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ. ಬಿರುಬಿಸಿಲಿನಲ್ಲಿಯೂ ಪ್ರತ್ಯೇಕವಾಗಿ ನೀರು ಬೇಡ. ಆದ್ದರಿಂದ ಹಾಲುಗೂಸಿನ ಪ್ರಯಾಣದ ಸಿದ್ಧತೆಯೆಂದರೆ ತಾಯಿಯ ಸಿದ್ಧತೆಯೇ. ನಮ್ಮ ಮನೆಗಳು ಎಡವುವುದು ಇಲ್ಲಿಯೇ. ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಗದೆಂಬ ಅಂಜಿಕೆಯಿಂದ ತಾಯಿ ನೀರು ಕುಡಿಯುವುದನ್ನೇ ಬಿಡುತ್ತಾಳೆ; ಕುಡಿದರೂ ತಡೆದುಕೊಂಡು ಕೂರುತ್ತಾಳೆ. ಸ್ವಾಭಾವಿಕ ವೇಗಗಳನ್ನು ತಡೆಯಬಾರದೆಂದು ಹೇಳಲು ಚರಕ ಸಂಹಿತೆ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದೆ. ಅಲ್ಲಿ ಮೊದಲು ಬರುವುದೇ ಮೂತ್ರವೇಗ. ಪ್ರವಾಸ ಮುಗಿಸಿ ಬಂದ ವಾರದಲ್ಲಿಯೇ ಉರಿಮೂತ್ರವೆಂದು ಬರುವ ಎಳೆಯ ತಾಯಂದಿರನ್ನು ನಾವು ಪ್ರತಿ ಬೇಸಗೆಯಲ್ಲಿ ಕಾಣುತ್ತೇವೆ. ಗಂಡಸರು ಚಹಾದ ಅಂಗಡಿಯನ್ನು ಮೊದಲೇ ಗೊತ್ತುಮಾಡಿಕೊಂಡಿರುತ್ತಾರೆ. ನೆರಳು, ಶೌಚಾಲಯ, ಹಾಲೂಡಿಸಲು ಮರೆ ಇರುವ ತಾಣವನ್ನು ಗೊತ್ತುಮಾಡಿಕೊಂಡವರು ವಿರಳ. ಎರಡು ಗಂಟೆಗೊಮ್ಮೆ ವಾಹನ ನಿಲ್ಲಲೇಬೇಕು.

ವಾಹನದಲ್ಲಿ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಆಸನದಲ್ಲಿ ಕುಳಿತುಕೊಳ್ಳುವ ಅಭ್ಯಾಸ ನಮ್ಮಲ್ಲಿ ವ್ಯಾಪಕ. ಅಪಘಾತದಲ್ಲಿ ರಭಸದಿಂದ ಉಬ್ಬುವ ಏರ್‌ಬ್ಯಾಗ್ ದೊಡ್ಡವರನ್ನು ಕಾಪಾಡುತ್ತದೆ, ತೊಡೆಯ ಮೇಲಿನ ಕೂಸಿಗೆ ಅದೇ ಪ್ರಾಣಾಂತಿಕ. ಮಕ್ಕಳ ಸ್ಥಾನ ಹಿಂದಿನ ಆಸನ, ಅವರಿಗೆಂದೇ ಮಾಡಿದ ಪಟ್ಟಿಯುಳ್ಳ ಕುರ್ಚಿಯಲ್ಲಿ. ಅದರ ಬೆಲೆ ಹೆಚ್ಚೆನ್ನುವವರು ನಾಮಕರಣಕ್ಕೆ ಮಾಡಿದ ಖರ್ಚನ್ನು ಒಮ್ಮೆ ನೆನೆದುಕೊಳ್ಳಲಿ.

ಹಾಗಾದರೆ ಹೋಗುವುದೆಲ್ಲಿಗೆ? ಒಂದೇ ಊರಿಗೆ, ಎರಡು ರಾತ್ರಿ, ಹೋಗಿ ಬರುವ ದಾರಿ ಹಗಲಿನ ತಂಪಿನಲ್ಲಿ. ಮೈಸೂರು–ತಾಳಗುಪ್ಪ ಮಾರ್ಗದ ರೈಲು ಭದ್ರಾವತಿ, ಶಿವಮೊಗ್ಗಗಳ ಮೂಲಕವೇ ಸಾಗರಕ್ಕೆ ಹೋಗುತ್ತದೆ. ರೈಲಿನಲ್ಲಿ ಪುಟ್ಟ ಮಗು ಓಡಾಡಬಹುದು, ಶೌಚಾಲಯವಿದೆ, ತಾಯಿ ಕಾಲು ಚಾಚಬಹುದು. ಆಗುಂಬೆ ಘಟ್ಟದ ಹದಿನಾಲ್ಕು ತಿರುವುಗಳಲ್ಲಿ ಎರಡು ವರ್ಷ ದಾಟಿದ ಮಗು ಹೊಟ್ಟೆ ತೊಳಸಿ ವಾಂತಿ ಮಾಡಿಕೊಳ್ಳುವುದನ್ನು ಕಂಡವರಿಗೆ ರೈಲಿನ ಬೆಲೆ ಗೊತ್ತು. ಇನ್ನು ಜೋಗ. 253 ಮೀಟರ್ ಎತ್ತರದಿಂದ ಧುಮುಕುವ ಶರಾವತಿ ಏಪ್ರಿಲ್–ಮೇ ತಿಂಗಳಲ್ಲಿ ಬಂಡೆಯ ಮೇಲಿನ ತೆಳುವಾದ ಎಳೆಯಷ್ಟೇ; ಅದಕ್ಕಾಗಿ ಹಾಲುಗೂಸನ್ನು ಬಿಸಿಲಿನಲ್ಲಿ ನಿಲ್ಲಿಸುವುದು ಏಕೆ? ಸಕ್ರೆಬೈಲಿನಲ್ಲಿ ಬೆಳಗಿನ ಹೊತ್ತು ತುಂಗೆಯಲ್ಲಿ ಮೀಯುವ ಆನೆಯನ್ನು ಎರಡೂವರೆ ವರ್ಷದ ಮಗು ಜೋಗಕ್ಕಿಂತ ಹೆಚ್ಚು ಕಾಲ ನೆನಪಿಟ್ಟುಕೊಳ್ಳುತ್ತದೆ. ತುಂಗೆ ಭದ್ರೆಯರು ಕೂಡುವ ಕೂಡಲಿ ಎರಡೂ ಊರುಗಳಿಗೆ ಸಮೀಪ. ಹತ್ತು ಗಂಟೆಯೊಳಗೆ ಮನೆಗೆ ಮರಳಬಹುದು. ನದಿಯ ಬಳಿ ಮಾತ್ರ ಆ ಮಗುವಿನ ಕೈ ಹಿಡಿಯುವವರು ಯಾರೆಂದು ಹೆಸರಿಟ್ಟು ನಿಶ್ಚಯಿಸಿರಿ. “ಎಲ್ಲರೂ ನೋಡಿಕೊಳ್ಳುತ್ತಿದ್ದಾರೆ” ಎಂದರೆ ಯಾರೂ ನೋಡಿಕೊಳ್ಳುತ್ತಿಲ್ಲವೆಂದೇ ಅರ್ಥ.

ಆಹಾರದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮಗುವಿಗೆ ಮನೆಯಲ್ಲಿ ರೂಢಿಯಾದ ರಾಗಿ ಸರಿ, ಹೆಸರುಬೇಳೆ ಅನ್ನ, ಬಾಳೆಹಣ್ಣು ಸಾಕು. ಹೊಸ ರುಚಿಯ ಪ್ರಯೋಗ ಪ್ರವಾಸದಲ್ಲಿ ಬೇಡ. ಕುದಿಸಿ ಆರಿಸಿದ ನೀರು, ಓಆರ್‌ಎಸ್ ಪೊಟ್ಟಣ ಜೊತೆಗಿರಲಿ. ದೊಡ್ಡ ಪೊಟ್ಟಣವೊಂದಕ್ಕೆ ಪೂರ್ತಿ ಒಂದು ಲೀಟರ್ ನೀರು. ಕಡಿಮೆ ನೀರಿಗೆ ಕದಡಿದರೆ ಲವಣಾಂಶ ಹೆಚ್ಚಿ ಅಪಾಯವಾಗುತ್ತದೆ. ಭೇದಿಯಾದ ಮಗು ಆರೆಂಟು ಗಂಟೆ ಮೂತ್ರ ಮಾಡದಿದ್ದರೆ ಪ್ರವಾಸ ಅಲ್ಲಿಗೆ ಮುಗಿಯಿತೆಂದು ತಿಳಿದು ಆಸ್ಪತ್ರೆಗೆ ಕರೆದೊಯ್ಯಿರಿ.

ನಮ್ಮ ಜಿಲ್ಲೆಯವರು ಮರೆಯಬಾರದ ಇನ್ನೊಂದು ಸಂಗತಿಯಿದೆ. ಮಂಗನ ಕಾಯಿಲೆ ಮೊದಲು ಪತ್ತೆಯಾದುದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣುಗುಗಳ ಹಾವಳಿ ಡಿಸೆಂಬರಿನಿಂದ ಮೇವರೆಗೆ ಹೆಚ್ಚು. ಬೇಸಗೆ ರಜೆಯೂ ಅದರೊಳಗೇ ಬರುತ್ತದೆ. ಕಾಡಿನಂಚಿನಲ್ಲಿ ತರಗೆಲೆಯ ಮೇಲೆ ಜಮಖಾನ ಹಾಸಿ ಬುತ್ತಿ ಬಿಚ್ಚುವುದು ನೋಡಲು ಚೆಂದ, ಮಕ್ಕಳಿಗೆ ತರವಲ್ಲ. ಮಂಗ ಸತ್ತು ಬಿದ್ದಿರುವ ಸುದ್ದಿಯಿರುವ ಕಡೆಗೆ ಹೋಗಲೇಬೇಡಿ. ಮರಳಿದ ಮೇಲೆ ಮಕ್ಕಳ ಕಿವಿಯ ಹಿಂದೆ, ಕಂಕುಳು, ತೊಡೆಸಂದುಗಳನ್ನು ಬೆಳಕಿನಲ್ಲಿ ಪರೀಕ್ಷಿಸಿರಿ. ಎರಡು ವಾರಗಳೊಳಗೆ ಜ್ವರ ಬಂದರೆ ಯಾವ ದಿನ ಯಾವ ಕಾಡಿಗೆ ಹೋಗಿದ್ದಿರೆಂಬುದನ್ನು ವೈದ್ಯರು ಕೇಳುವ ಮೊದಲೇ ತಿಳಿಸಿರಿ. ಎರಡು ವರ್ಷದ ಮಗು ತನಗೆ ತಲೆನೋವೆಂದು ಹೇಳಲಾರದು. ಮೂರು ತಿಂಗಳೊಳಗಿನ ಕೂಸಿನ ಮೈಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಕಷಾಯ, ಲೇಪಗಳಲ್ಲಿ ಹೊತ್ತು ಕಳೆಯದೆ ಮಕ್ಕಳ ತಜ್ಞರಿರುವ ಆಸ್ಪತ್ರೆಗೆ ಕೂಡಲೇ ಹೋಗಿರಿ. ಆಗ ಮೊದಲು ನಮ್ಮ ಬಳಿಗೆ ಬರುವುದೂ ಬೇಡ.