ಹಾಜರಿ ಪುಸ್ತಕವೂ ಇಲಿಯ ಯಕೃತ್ತೂ



ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಪಿಎಚ್.ಡಿ. ಪ್ರಬಂಧದ ಕರಡನ್ನು ಮನೆಗೆ ತಂದು, "ಒಮ್ಮೆ ಕಣ್ಣಾಡಿಸಿಕೊಡಿ ಸಾರ್" ಎಂದಳು. ನೆಲನೆಲ್ಲಿಯ ಸಾರವು ಯಕೃತ್ತನ್ನು ಕಾಪಾಡಬಲ್ಲುದೇ ಎಂಬುದು ವಿಷಯ. ಮೂವತ್ತಾರು ವಿಸ್ಟಾರ್ ಇಲಿಗಳು. ಕೆಲವಕ್ಕೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷ, ಕೆಲವಕ್ಕೆ ವಿಷದೊಡನೆ ಸೊಪ್ಪಿನ ಸಾರ. ಕೊನೆಗೆ ಎಲ್ಲವನ್ನೂ ಕೊಂದು, ರಕ್ತ ತೆಗೆದು, ಅದರಲ್ಲಿ ಅಲನೈನ್ ಅಮೈನೊಟ್ರಾನ್ಸ್‌ಫರೇಸ್ ಎಂಬ ಕಿಣ್ವವನ್ನು ಅಳೆದಿದ್ದಾಳೆ. ನಿಮ್ಮ ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಎಸ್.ಜಿ.ಪಿ.ಟಿ. ಎಂದು ಬರೆದಿರುವುದು ಇದೇ. ಯಕೃತ್ತಿನ ಜೀವಕೋಶಗಳು ಘಾಸಿಗೊಂಡಾಗ ಇದು ರಕ್ತಕ್ಕೆ ಸೋರುತ್ತದೆ.

ಅಳೆದದ್ದು ಎಲೈಸಾ ಕಿಟ್ಟಿನಿಂದ. ನನ್ನ ತಕರಾರು ಇರುವುದು ಇಲ್ಲಿಯೇ.

ಕಿಣ್ವವನ್ನು ಅದರ ಕೆಲಸದಿಂದ ಅಳೆಯುವ ಪದ್ಧತಿ ಹಳೆಯದು. ಬೆಳಕಿನ ಹೀರಿಕೆಯಿಂದ ಇಂಥ ಕಿಣ್ವಗಳ ಚಟುವಟಿಕೆಯನ್ನು ಅಳೆಯುವ ವಿಧಾನವನ್ನು ಆರ್ಥರ್ ಕಾರ್ಮೆನ್ 1955ರಲ್ಲಿಯೇ ಪ್ರಕಟಿಸಿದ್ದರು. ಸೀರಮ್ಮಿಗೆ ಅಲನೈನ್ ಮತ್ತು ಕೀಟೋಗ್ಲುಟರೇಟ್ ಉಣಿಸಿದರೆ ಕಿಣ್ವವು ಪೈರುವೇಟನ್ನು ತಯಾರಿಸುತ್ತದೆ. ಅದು ಲ್ಯಾಕ್ಟೇಟ್ ಆಗಿ ಬದಲಾಗುವಾಗ ಎನ್.ಎ.ಡಿ.ಎಚ್. ಖರ್ಚಾಗುತ್ತದೆ. ಅದು ಖರ್ಚಾಗುವ ವೇಗವನ್ನು 340 ನ್ಯಾನೊಮೀಟರಿನ ಬೆಳಕಿನಲ್ಲಿ ನೋಡುತ್ತಾರೆ. ಹತ್ತು ನಿಮಿಷದ ಕೆಲಸ. ತಾಲ್ಲೂಕು ಕೇಂದ್ರದ ಲ್ಯಾಬುಗಳಲ್ಲಿಯೂ ಪ್ರತಿದಿನ ನಡೆಯುವಂಥದ್ದು. ಮನುಷ್ಯನ ಅಲನೈನ್ ಬೇರೆ, ಇಲಿಯ ಅಲನೈನ್ ಬೇರೆ ಎಂಬುದಿಲ್ಲವಾದ್ದರಿಂದ ಅದೇ ದ್ರಾವಣ ಇಲಿಯ ಸೀರಮ್ಮಿಗೂ ನಡೆಯುತ್ತದೆ.

ಎಲೈಸಾ ಹುಟ್ಟಿದ್ದು 1971ರಲ್ಲಿ. ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಅವರ ಈ ವಿಧಾನ ಅದ್ಭುತವಾದುದೆಂಬುದರಲ್ಲಿ ನನಗೆ ಸಂಶಯವಿಲ್ಲ. ತೊಂಬತ್ತಾರು ಗುಳಿಗಳ ತಟ್ಟೆಯ ತಳಕ್ಕೆ ಪ್ರತಿಕಾಯಗಳನ್ನು ಅಂಟಿಸಿರುತ್ತಾರೆ. ಸೀರಮ್ಮಿನಲ್ಲಿರುವ ಪ್ರೋಟೀನು ಅವಕ್ಕೆ ಸಿಕ್ಕಿಬೀಳುತ್ತದೆ. ತೊಳೆದು, ಎರಡನೆಯ ಪ್ರತಿಕಾಯವನ್ನು ಕೂಡಿಸಿ, ಬಣ್ಣ ಬರಿಸಿ ಓದುತ್ತಾರೆ. ಸಿಗುವುದು ಮಿಲಿಲೀಟರಿಗೆ ಇಷ್ಟು ನ್ಯಾನೊಗ್ರಾಮ್ ಎಂಬ ತೂಕ.

ತೂಕವೇ ಹೊರತು ಕೆಲಸವಲ್ಲ. ನನ್ನ ತರಗತಿಯಲ್ಲಿ ಕುಳಿತವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಜರಿ ಪುಸ್ತಕದಲ್ಲಿ ನಲವತ್ತು ಹೆಸರುಗಳಿಗೂ ಗುರುತು ಬಿದ್ದಿರುತ್ತಿತ್ತು. ಲೆಕ್ಕ ಬಿಡಿಸುವವರು ಒಂಬತ್ತು ಜನ. ಅದಕ್ಕಿಂತ ಕೆಟ್ಟದ್ದೂ ಇತ್ತು: ಬಾರದವನ ಹೆಸರಿಗೆ ಪಕ್ಕದವನು ಧ್ವನಿ ಬದಲಿಸಿ "ಹಾಜರ್ ಸಾರ್" ಎನ್ನುವುದು. (ಯಾರೆಂದು ಹೇಳುವುದಿಲ್ಲ, ಒಬ್ಬರು ಈಗ ತಹಶೀಲ್ದಾರರು.) ಪ್ರತಿಕಾಯವೂ ಹೀಗೆ ಮೋಸಹೋಗುತ್ತದೆ. ಟೊರಾಂಟೊದ ಡಯಮಾಂಡಿಸ್ ಅವರ ತಂಡ ಮೇದೋಜೀರಕ ಗ್ರಂಥಿಯ ಕ್ಯಾನ್ಸರಿಗೆ ಸೂಚಕವೊಂದನ್ನು ಕಂಡುಹಿಡಿದೆನೆಂದು ನಂಬಿತ್ತು. ಅವರು ಕೊಂಡಿದ್ದ ಕಿಟ್ ಅಳೆಯುತ್ತಿದ್ದುದು ಹಣೆಪಟ್ಟಿಯಲ್ಲಿದ್ದ ಸಿ.ಯು.ಝಡ್.ಡಿ.1 ಪ್ರೋಟೀನನ್ನಲ್ಲ, ಹಳೆಯ ಪರಿಚಿತ ಸಿ.ಎ. 125 ಅನ್ನು. 2014ರಲ್ಲಿ ಅವರೇ ಇದನ್ನು ಬಹಿರಂಗವಾಗಿ ಒಪ್ಪಿ ಬರೆದರು. ಅಷ್ಟು ಅನುಭವಿಗಳಿಗೇ ಹೀಗಾದರೆ, ಹತ್ತಾರು ಸಾವಿರ ಕೊಟ್ಟು ತರಿಸಿದ ಪೆಟ್ಟಿಗೆಯನ್ನು ಹಣೆಪಟ್ಟಿ ನೋಡಿ ನಂಬುವ ನಮ್ಮ ಹುಡುಗರ ಪಾಡೇನು?

"ಸಾರ್, ಕಿಟ್ಟಿನ ಜೊತೆ ಬಂದ ಪುಸ್ತಕದಲ್ಲಿ ಇಲಿಯ ಕಿಣ್ವಕ್ಕೆ ಎಂದೇ ಬರೆದಿತ್ತು" ಎಂದಳು. ಬರೆದಿತ್ತು, ನಿಜ. ಸೀರಮ್ಮನ್ನು ಎರಡು ಪಾಲು, ನಾಲ್ಕು ಪಾಲು ತೆಳುಮಾಡಿದಾಗ ಉತ್ತರವೂ ಅರ್ಧ, ಕಾಲು ಆಯಿತೇ? ಗೊತ್ತಿರುವ ಪ್ರಮಾಣದ ಕಿಣ್ವವನ್ನು ಬೆರೆಸಿದಾಗ ಅಷ್ಟೂ ಮರಳಿ ಸಿಕ್ಕಿತೇ? ಅದೇ ಸೀರಮ್ಮಿನಲ್ಲಿ ಚಟುವಟಿಕೆಯನ್ನು ಅಳೆದು ಹೋಲಿಸಿದೆಯಾ? ಮೂರಕ್ಕೂ ಅವಳು ತಲೆಯಾಡಿಸಿದಳು. ತಪ್ಪು ಅವಳದಲ್ಲ, ಹಿಂದಿನವರು ಹಾಗೆಯೇ ಮಾಡಿದ್ದಾರೆ, ಮಾರ್ಗದರ್ಶಕರು ಹಾಗೆಯೇ ಮಾಡು ಎಂದಿದ್ದಾರೆ. ಎಲೈಸಾ ಎಂದು ಬರೆದರೆ ಪ್ರಬಂಧಕ್ಕೆ ತೂಕ ಬರುತ್ತದೆಂಬ ಮೂಢನಂಬಿಕೆ ಜಾತಕದ ನಂಬಿಕೆಗಿಂತ ಮೇಲಲ್ಲ.

ಎದುರುವಾದವನ್ನೂ ಹೇಳಬೇಕು. ಚಟುವಟಿಕೆಯ ಪರೀಕ್ಷೆಗೂ ದೋಷಗಳಿವೆ. ಈ ಕಿಣ್ವಕ್ಕೆ ಬಿ6 ಜೀವಸತ್ವದ ನೆರವು ಬೇಕು. ಅದಿಲ್ಲದ ಕಿಣ್ವ ಸುಮ್ಮನೆ ಕುಳಿತಿರುತ್ತದೆ, ಪರೀಕ್ಷೆಗೆ ಕಾಣುವುದಿಲ್ಲ. ಮೈನಸ್ 20 ಡಿಗ್ರಿಯಲ್ಲಿಟ್ಟ ಸೀರಮ್ಮಿನಲ್ಲಿ ಚಟುವಟಿಕೆ ದಿನೇದಿನೇ ಕುಗ್ಗುತ್ತದೆ. ಈ ಕಿಣ್ವದ ಎರಡು ರೂಪಗಳನ್ನು ಬೇರ್ಪಡಿಸಿ ನೋಡಬೇಕೆಂದರೆ ಪ್ರತಿಕಾಯವೇ ಗತಿ. ಆ ಪ್ರಶ್ನೆ ಕೇಳುವವರು ಧಾರಾಳವಾಗಿ ಎಲೈಸಾ ಮಾಡಲಿ. ಸೊಪ್ಪು ಯಕೃತ್ತನ್ನು ಉಳಿಸಿತೇ ಎಂದಷ್ಟೇ ಕೇಳುವವರಿಗೆ, ರಕ್ತ ತೆಗೆದ ದಿನವೇ ಮಾಡಿ ಮುಗಿಸಬಹುದಾದ ಪರೀಕ್ಷೆ ಇರುವಾಗ, ಇದರ ಹಂಗೇಕೆ?

ನನ್ನನ್ನು ಕಾಡುವುದು ಹಣವಲ್ಲ. ಅವಳು ತೋರಿಸಿದ ಪ್ರಾಣಿ ಪ್ರಯೋಗದ ಅನುಮತಿ ಅರ್ಜಿಯಲ್ಲಿ ಪಂಜರ, ಆಹಾರ, ಇಲಿಗಳ ಸಂಖ್ಯೆ, ಕೊಲ್ಲುವ ವಿಧಾನ ಎಲ್ಲವೂ ಇದ್ದವು. ಅಳತೆಗೆ ಮೀಸಲಾಗಿದ್ದುದು ಒಂದೇ ಸಾಲು: "ಎಲೈಸಾ ಕಿಟ್ಟಿನಿಂದ". ಇಲಿಗಳನ್ನು ಕಡಿಮೆ ಬಳಸಿ, ನೋವು ಕಡಿಮೆ ಮಾಡಿ ಎಂದು ರಸೆಲ್ ಮತ್ತು ಬರ್ಚ್ 1959ರಲ್ಲಿಯೇ ಬರೆದಿದ್ದರು. ಏನನ್ನು ಅಳೆದಿದ್ದೇವೆಂದೇ ತಿಳಿಯದ ಅಂಕಿಗಾಗಿ ಸತ್ತ ಇಲಿ ಒಂದೇ ಆದರೂ ಅದು ಹೆಚ್ಚೇ. ನಾಳೆ ಆ ಅಂಕಿಯನ್ನು ಹಿಡಿದು ಯಾರೋ ನೆಲನೆಲ್ಲಿಯ ಪುಡಿ ಮಾರುತ್ತಾರೆ, ಕಾಮಾಲೆಯಾದವರು ಆಸ್ಪತ್ರೆಗೆ ಹೋಗದೆ ಅದನ್ನು ಕುಡಿಯುತ್ತಾರೆ. ನಮ್ಮ ಬಂಧುಗಳಲ್ಲಿಯೇ ಒಬ್ಬರು ಹಾಗೆ ಮಾಡಿ ತಡವಾಗಿ ಆಸ್ಪತ್ರೆ ಸೇರಿದ್ದು ನಿಮಗೆ ನೆನಪಿರಬಹುದು.

ಹನ್ನೊಂದು ಇಲಿಗಳ ಸೀರಮ್ ಮೈನಸ್ 80 ಡಿಗ್ರಿಯಲ್ಲಿ ಇನ್ನೂ ಉಳಿದಿದೆಯಂತೆ. ಎಸ್.ಜಿ.ಪಿ.ಟಿ.ಯ ದ್ರಾವಣವನ್ನು ತರಿಸಿ, ಮಾರ್ಗದರ್ಶಕರನ್ನು ಒಪ್ಪಿಸಿ, ಬರುವ ಸೋಮವಾರ ಅಳೆಯುತ್ತೇನೆಂದು ನಿನ್ನೆ ಫೋನು ಮಾಡಿದ್ದಳು. ಎರಡೂ ಅಂಕಿಗಳನ್ನು ಅಕ್ಕಪಕ್ಕದಲ್ಲಿ ಬರೆದು ಕಳಿಸು, ಹೊಂದದಿದ್ದರೂ ಕಳಿಸು ಎಂದಿದ್ದೇನೆ.